ಸಾಗರತಳವನ್ನು ಅರಸಿದ ಪಿಕಾರ್ಡ್

ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ ಎಪ್ಪತ್ತು ಭಾಗವನ್ನು ಸಮುದ್ರವೇ ಆವರಿಸಿಕೊಂಡಿದೆ. ಮಾನವನು ಸಾವಿರಾರು ವರ್ಷಗಳಿಂದ ಈ ಸಮುದ್ರದ ಮೇಲೆ ಹಡಗುಗಳನ್ನು ನಡೆಸಿದ್ದಾನೆ. ಅದರ ಅಲೆಗಳೊಡನೆ ಹೋರಾಡಿದ್ದಾನೆ. ಅದನ್ನು ದಾಟಿ ಹೊಸ ಹೊಸ ನಾಡುಗಳನ್ನು ಕಂಡಿದ್ದಾನೆ. ಆದರೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಸಮುದ್ರದ ಆಳವು ಅವನ ಪಾಲಿಗೆ ಮುಚ್ಚಿದ ಬಾಗಿಲಾಗಿಯೇ ಉಳಿದಿತ್ತು. ಹಿಮಾಲಯದ ಶಿಖರಗಳ ಎತ್ತರವನ್ನು ಅಳೆದವನಿಗೆ ತನ್ನ ಹಡಗಿನ ಕೆಳಗೆ ನಾಲ್ಕಾರು ಸಾವಿರ ಮೀಟರ್ ಆಳದಲ್ಲಿ ಏನಿದೆಯೆಂಬುದನ್ನು ಕಣ್ಣಾರೆ ಕಾಣಲು ಸಾಧ್ಯವಾಗಿರಲಿಲ್ಲ.

ಆಳದಲ್ಲಿ ಕತ್ತಲೆಯಿದೆ, ಚಳಿಯಿದೆ. ಇವುಗಳನ್ನು ದೀಪದಿಂದಲೂ ಬೆಚ್ಚನೆಯ ಉಡುಪಿನಿಂದಲೂ ನಿವಾರಿಸಿಕೊಳ್ಳಬಹುದು. ಸುಲಭವಾಗಿ ನಿವಾರಿಸಿಕೊಳ್ಳಲಾಗದ ಅಡ್ಡಿಯೆಂದರೆ ನೀರಿನ ಒತ್ತಡ. ಪ್ರತಿ 10 ಮೀಟರ್ ಆಳಕ್ಕೆ ಇಳಿದಂತೆಲ್ಲ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋಗ್ರಾಂ ಭಾರ ಹೆಚ್ಚುತ್ತ ಹೋಗುತ್ತದೆ. 1,000 ಮೀಟರ್ ಆಳದಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಒಂದು ಕ್ವಿಂಟಲ್ ಅಕ್ಕಿಯ ಮೂಟೆಯನ್ನು ಇಟ್ಟಂತಾಗುತ್ತದೆ. 4,000 ಮೀಟರ್ ಆಳದಲ್ಲಿ ಅಷ್ಟೇ ಜಾಗದ ಮೇಲೆ ಅಂತಹ ನಾಲ್ಕು ಮೂಟೆಗಳ ಭಾರ ಬೀಳುತ್ತದೆ. ಯುದ್ಧಕ್ಕೆಂದು ಕಟ್ಟಿದ ಜಲಾಂತರ್ಗಾಮಿ ನೌಕೆಗಳು ಕೂಡ ಕೆಲವು ನೂರು ಮೀಟರುಗಳ ಆಚೆಗೆ ಇಳಿಯಲಾರದೆ ಹಿಂದಿರುಗುತ್ತಿದ್ದವು. ಅದಕ್ಕಿಂತ ಕೆಳಗೆ ಹೋದರೆ ಅವುಗಳ ಒಡಲು ಖಾಲಿ ಡಬ್ಬಿಯಂತೆ ನುಗ್ಗುನುಗ್ಗಾಗುತ್ತಿತ್ತು. ಈ ಅಡ್ಡಿಯನ್ನು ಲೆಕ್ಕಾಚಾರದಿಂದಲೂ ತಾಳ್ಮೆಯಿಂದಲೂ ಗೆದ್ದು, ಮಾನವನಿಗೆ ಸಾಗರತಳದ ದಾರಿಯನ್ನು ತೆರೆದುಕೊಟ್ಟವರು ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ಆಗಸ್ಟ್ ಪಿಕಾರ್ಡ್.

ಪಿಕಾರ್ಡರು 1884ರ ಜನವರಿ 28ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜನಿಸಿದರು. ಅವರ ತಂದೆ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಆಗಸ್ಟ್ ಮತ್ತು ಅವರ ಸಹೋದರ ಜೀನ್ ಅವಳಿ ಮಕ್ಕಳು. ರೂಪದಲ್ಲಿ ಒಬ್ಬರನ್ನೊಬ್ಬರು ಹೋಲುತ್ತಿದ್ದ ಈ ಸಹೋದರರಿಬ್ಬರಿಗೂ ವಿಜ್ಞಾನದಲ್ಲಿ ಸಮಾನ ಆಸಕ್ತಿಯಿತ್ತು. ಇಬ್ಬರೂ ಜೂರಿಕ್ ನಗರದ ತಾಂತ್ರಿಕ ವಿದ್ಯಾಪೀಠವನ್ನು ಸೇರಿದರು. ಜೀನ್ ರಸಾಯನಶಾಸ್ತ್ರವನ್ನು ಆರಿಸಿಕೊಂಡರೆ, ಆಗಸ್ಟ್ ಯಂತ್ರಶಿಲ್ಪವನ್ನೂ ಭೌತವಿಜ್ಞಾನವನ್ನೂ ಅಭ್ಯಾಸ ಮಾಡಿದರು. ಯಂತ್ರಶಿಲ್ಪಿಯ ಕೈ ಮತ್ತು ಭೌತವಿಜ್ಞಾನಿಯ ಬುದ್ಧಿ ಒಬ್ಬರಲ್ಲಿಯೇ ಕೂಡಿಬಂದುದು ಅವರ ಮುಂದಿನ ಸಾಧನೆಗಳಿಗೆಲ್ಲ ತಳಹದಿಯಾಯಿತು.

ವಿದ್ಯಾರ್ಥಿಯಾಗಿದ್ದಾಗಲೇ ಒಂದು ಗ್ರಂಥವು ಅವರ ಮನಸ್ಸನ್ನು ಸೆಳೆಯಿತು. 1898 ಮತ್ತು 1899ರಲ್ಲಿ ವಾಲ್ಡಿವಿಯಾ ಎಂಬ ಜರ್ಮನ್ ಹಡಗು ಸಮುದ್ರಗಳಲ್ಲಿ ಸಂಚರಿಸಿ, ಆಳದಿಂದ ಬಲೆಗಳ ಮೂಲಕ ವಿಚಿತ್ರ ಜೀವಿಗಳನ್ನು ಮೇಲಕ್ಕೆ ತಂದಿತ್ತು. ಆ ಯಾತ್ರೆಯ ವೃತ್ತಾಂತವನ್ನು ತರುಣ ಪಿಕಾರ್ಡರು ಓದಿದರು. ಕತ್ತಲೆಯ ಲೋಕದಲ್ಲಿ ತಮ್ಮ ದೇಹದಿಂದಲೇ ಬೆಳಕನ್ನು ಬೀರುವ ಮೀನುಗಳು ಹಡಗಿನ ಮೇಲೆ ಬರುವಷ್ಟರಲ್ಲಿ ಸತ್ತಿರುತ್ತಿದ್ದವು ಅಥವಾ ಸಾಯುತ್ತಿದ್ದವು. ಅವುಗಳನ್ನು ಅವುಗಳ ಮನೆಯಲ್ಲಿಯೇ ಕಾಣಬೇಕಾದರೆ ಮನುಷ್ಯನೇ ಅಲ್ಲಿಗೆ ಇಳಿಯಬೇಕು. ಒತ್ತಡವನ್ನು ತಾಳಬಲ್ಲ ಗಟ್ಟಿಯಾದ ಕೋಣೆಯೊಂದನ್ನು ಮಾಡಿ, ಅದನ್ನು ಬಲೂನಿನಂತೆ ಯಾವುದಾದರೊಂದು ಹಗುರವಾದ ವಸ್ತುವಿಗೆ ತೂಗುಹಾಕಿದರೆ ಅದು ಸಾಧ್ಯವಾಗಬಹುದೆಂಬ ಯೋಚನೆ ಅವರಲ್ಲಿ ಅಂದೇ ಮೂಡಿತು. ಆದರೆ ಆ ಯೋಚನೆ ಕೈಗೂಡಲು ಅವರು ಸುಮಾರು ಅರ್ಧ ಶತಮಾನ ಕಾಯಬೇಕಾಯಿತು.

ಅವರು ಮೊದಲು ಕೀರ್ತಿ ಗಳಿಸಿದ್ದು ಆಕಾಶದಲ್ಲಿ. 1913ರಲ್ಲಿ ಅವಳಿ ಸಹೋದರರು ಬಲೂನಿನಲ್ಲಿ ಕುಳಿತು ಹದಿನಾರು ಗಂಟೆಗಳ ಕಾಲ ಸಂಚರಿಸಿದ್ದರು. 1922ರಲ್ಲಿ ಆಗಸ್ಟ್ ಪಿಕಾರ್ಡರು ಬೆಲ್ಜಿಯಂ ದೇಶದ ಬ್ರಸೆಲ್ಸ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. 1927ರಲ್ಲಿ ಆ ನಗರದಲ್ಲಿ ನಡೆದ ಪ್ರಸಿದ್ಧ ಸಾಲ್ವೆ ಸಮ್ಮೇಳನದಲ್ಲಿ ಐನ್‌ಸ್ಟೈನ್, ಮೇರಿ ಕ್ಯೂರಿ ಮುಂತಾದವರೊಡನೆ ಅವರೂ ಭಾಗವಹಿಸಿದ್ದರು. ಎತ್ತರವಾದ ತೆಳು ಶರೀರ, ವಿಶಾಲವಾದ ಹಣೆ, ಅಂಕೆಗೆ ಸಿಗದ ಉದ್ದನೆಯ ಕೂದಲು, ದುಂಡು ಕನ್ನಡಕ ಇವುಗಳಿಂದ ಅವರು ಬೀದಿಯಲ್ಲಿ ನಡೆಯುವಾಗ ಜನರ ಗಮನವನ್ನು ಸೆಳೆಯುತ್ತಿದ್ದರು. ಟಿನ್‌ಟಿನ್ ಎಂಬ ಚಿತ್ರಕಥೆಗಳ ಕರ್ತೃ ಹೆರ್ಜೆ ತನ್ನ ಕಥೆಗಳ ವಿಜ್ಞಾನಿಯನ್ನು ಚಿತ್ರಿಸಲು ಪಿಕಾರ್ಡರನ್ನೇ ಮಾದರಿಯಾಗಿ ಇಟ್ಟುಕೊಂಡನು.

ಆ ಕಾಲದಲ್ಲಿ ಅಂತರಿಕ್ಷದಿಂದ ಬರುವ ವಿಶ್ವಕಿರಣಗಳ ಅಧ್ಯಯನ ಭೌತವಿಜ್ಞಾನಿಗಳ ಮುಂದಿದ್ದ ಮುಖ್ಯ ವಿಷಯಗಳಲ್ಲಿ ಒಂದಾಗಿತ್ತು. ಅವುಗಳನ್ನು ಚೆನ್ನಾಗಿ ಪರೀಕ್ಷಿಸಬೇಕಾದರೆ ವಾಯುಮಂಡಲದ ಬಹುಭಾಗವನ್ನು ಕೆಳಗೆ ಬಿಟ್ಟು ಮೇಲೇರಬೇಕು. ಅಲ್ಲಿ ಗಾಳಿ ಎಷ್ಟು ವಿರಳವೆಂದರೆ ತೆರೆದ ಬುಟ್ಟಿಯಲ್ಲಿ ಕುಳಿತವನು ಬದುಕಲಾರ. ಆದುದರಿಂದ ಪಿಕಾರ್ಡರು ಎಲ್ಲ ಕಡೆಯಿಂದಲೂ ಮುಚ್ಚಿದ, ಒಳಗೆ ನೆಲದ ಮೇಲಿನಷ್ಟೇ ಒತ್ತಡದ ಗಾಳಿಯಿದ್ದ ಗೋಳಾಕಾರದ ಕೋಣೆಯನ್ನು ಮಾಡಿಸಿದರು. ಇಲ್ಲಿ ಒತ್ತಡ ಒಳಗಿನಿಂದ ಹೊರಕ್ಕೆ. ಅದೂ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿನಷ್ಟು ಮಾತ್ರ. ಬಲೂನಿಗೆ ಶತ್ರುವೆಂದರೆ ತೂಕ. ಆದುದರಿಂದ ಅವರು ಹಗುರವಾದ ಅಲ್ಯೂಮಿನಿಯಮನ್ನು ಆರಿಸಿಕೊಂಡರು. ಅದರ ದಪ್ಪ ಕೇವಲ ಮೂರೂವರೆ ಮಿಲಿಮೀಟರ್.

1931ರ ಮೇ 27ರಂದು ಪಿಕಾರ್ಡರೂ ಅವರ ಸಹಾಯಕ ಪೌಲ್ ಕಿಪ್ಫರರೂ ಜರ್ಮನಿಯ ಆಗ್ಸ್‌ಬರ್ಗ್ ನಗರದಿಂದ ಮೇಲೇರಿದರು. ಅವರು ಮುಟ್ಟಿದ ಎತ್ತರ 15,781 ಮೀಟರ್. ಅಷ್ಟು ಎತ್ತರಕ್ಕೆ ಅದುವರೆಗೆ ಯಾವ ಮಾನವನೂ ಹೋಗಿರಲಿಲ್ಲ. ಆದರೆ ಆ ಯಾತ್ರೆ ಸುಗಮವಾಗಿರಲಿಲ್ಲ. ಮೇಲೇರುತ್ತಿರುವಾಗಲೇ ಕೋಣೆಯ ಒಂದು ರಂಧ್ರದಿಂದ ಗಾಳಿ ಸೋರತೊಡಗಿತು. ನಾರು ಮತ್ತು ವ್ಯಾಸಲೀನ್ ಬೆರೆಸಿ ಮೆತ್ತಿ ಅದನ್ನು ಮುಚ್ಚಬೇಕಾಯಿತು. ವಾಯುಭಾರ ಮಾಪಕವೊಂದು ಒಡೆದು ಪಾದರಸ ಕೋಣೆಯ ತಳದಲ್ಲಿ ಚೆಲ್ಲಿತು. ಪಾದರಸ ಅಲ್ಯೂಮಿನಿಯಮನ್ನು ತಿನ್ನುವ ವಸ್ತು. ಕಾಲಿನ ಕೆಳಗಿನ ತೆಳು ತಗಡನ್ನು ಅದು ತಿಂದರೆ ಸಾವು ನಿಶ್ಚಿತ. ಪಿಕಾರ್ಡರು ಎದೆಗುಂದಲಿಲ್ಲ. ಹೊರಗಿನ ವಿರಳವಾದ ಗಾಳಿಯನ್ನೇ ಉಪಕರಣವನ್ನಾಗಿ ಮಾಡಿಕೊಂಡು, ರಬ್ಬರ್ ನಳಿಕೆಯ ಒಂದು ತುದಿಯನ್ನು ಹೊರಕ್ಕೆ ಜೋಡಿಸಿ, ಇನ್ನೊಂದು ತುದಿಯಿಂದ ಪಾದರಸವನ್ನು ಹೀರಿ ಹೊರಹಾಕಿದರು. ಅನಿಲವನ್ನು ಬಿಡುವ ಹಗ್ಗ ಸಿಕ್ಕಿಕೊಂಡುದರಿಂದ ಸಂಜೆ ತಂಪಾಗುವವರೆಗೆ ಬಲೂನು ಕೆಳಗಿಳಿಯಲಿಲ್ಲ. ರಾತ್ರಿ ಅವರು ಆಸ್ಟ್ರಿಯಾದ ಒಂದು ಹಿಮನದಿಯ ಮೇಲೆ ಇಳಿದು ಬದುಕಿಕೊಂಡರು. ಮರುವರ್ಷ ಮತ್ತೊಮ್ಮೆ ಮೇಲೇರಿ 16,000 ಮೀಟರುಗಳಿಗಿಂತಲೂ ಎತ್ತರವನ್ನು ಮುಟ್ಟಿದರು.

ಈ ಯಾತ್ರೆಗಳು ಪಿಕಾರ್ಡರಿಗೆ ಒಂದು ಪಾಠವನ್ನು ಕಲಿಸಿದವು. ಮುಚ್ಚಿದ ಕೋಣೆಯೊಳಗೆ ಕುಳಿತವನ ಪ್ರಾಣವು ಆ ಕೋಣೆಯ ಗೋಡೆಯ ವಸ್ತುವಿನಲ್ಲಿದೆ; ಆ ವಸ್ತುವಿನ ಸ್ವಭಾವವನ್ನು ಮೊದಲೇ ತಿಳಿದಿರಬೇಕು. ಆಕಾಶಕ್ಕೆ ಏರಿದವರು ಈಗ ತಮ್ಮ ಹಳೆಯ ಕನಸಿನ ಕಡೆಗೆ, ಸಮುದ್ರದ ಕಡೆಗೆ ತಿರುಗಿದರು.

ಆ ವೇಳೆಗೆ ಅಮೆರಿಕದ ವಿಲಿಯಂ ಬೀಬ್ ಮತ್ತು ಓಟಿಸ್ ಬಾರ್ಟನ್ ಎಂಬ ಇಬ್ಬರು ಸಾಹಸಿಗಳು ಉಕ್ಕಿನ ಗೋಳವೊಂದರಲ್ಲಿ ಕುಳಿತು, 1934ರ ಆಗಸ್ಟ್ 15ರಂದು ಬರ್ಮುಡಾ ದ್ವೀಪದ ಬಳಿ 923 ಮೀಟರ್ ಆಳಕ್ಕೆ ಇಳಿದಿದ್ದರು. ಆ ಗೋಳವನ್ನು ಹಡಗಿನಿಂದ ಉಕ್ಕಿನ ಹಗ್ಗದಲ್ಲಿ ಕಟ್ಟಿ ಇಳಿಬಿಡಲಾಗಿತ್ತು. ಹಗ್ಗ ತುಂಡಾದರೆ ಗೋಳ ಮತ್ತೆ ಮೇಲೆ ಬರುವಂತಿರಲಿಲ್ಲ. ಆಳ ಹೆಚ್ಚಿದಂತೆ ಹಗ್ಗದ ತೂಕವೂ ಹೆಚ್ಚುತ್ತದೆ. ಕೊನೆಗೆ ಹಗ್ಗ ತನ್ನ ಭಾರವನ್ನೇ ಹೊರಲಾರದೆ ಹೋಗುತ್ತದೆ. ಪಿಕಾರ್ಡರು ಹಗ್ಗವನ್ನೇ ತೊರೆಯಲು ನಿರ್ಧರಿಸಿದರು. ಅವರ ನೌಕೆಗೆ ಎರಡು ಭಾಗಗಳು. ಕೆಳಗೆ ಮನುಷ್ಯರು ಕುಳಿತುಕೊಳ್ಳುವ ಭಾರವಾದ ಗೋಳ; ಮೇಲೆ ಅದನ್ನು ತೇಲಿಸುವ, ಪೆಟ್ರೋಲ್ ತುಂಬಿದ ದೊಡ್ಡ ತೊಟ್ಟಿ. ಪೆಟ್ರೋಲ್ ನೀರಿಗಿಂತ ಹಗುರ. ಬಲೂನಿಗೆ ಜಲಜನಕ ಹೇಗೋ ಈ ನೌಕೆಗೆ ಪೆಟ್ರೋಲ್ ಹಾಗೆ. ಇಳಿಯಬೇಕಾದರೆ ಕಬ್ಬಿಣದ ಗುಂಡುಗಳ ಭಾರವನ್ನು ಹೇರಿಕೊಳ್ಳುವುದು. ಏರಬೇಕಾದರೆ ಆ ಗುಂಡುಗಳನ್ನು ಸುರಿದುಬಿಡುವುದು. ಇದಕ್ಕೆ ಅವರು ಗ್ರೀಕ್ ಭಾಷೆಯ ಎರಡು ಪದಗಳನ್ನು ಕೂಡಿಸಿ ಬ್ಯಾತಿಸ್ಕೇಫ್, ಅಂದರೆ ಆಳದ ನೌಕೆ, ಎಂಬ ಹೆಸರನ್ನಿಟ್ಟರು.

ಪೆಟ್ರೋಲ್ ತೊಟ್ಟಿಯ ತಗಡು ತೆಳುವಾಗಿದ್ದರೂ ಬಾಧಕವಿರಲಿಲ್ಲ. ಅದರ ತಳದಲ್ಲಿ ಸಮುದ್ರದ ನೀರು ಒಳಬರಲು ದಾರಿಯಿದ್ದುದರಿಂದ ಒಳಗೂ ಹೊರಗೂ ಒತ್ತಡ ಸಮವಾಗಿರುತ್ತಿತ್ತು. ಗೋಳದ ಸಂಗತಿ ಹಾಗಲ್ಲ. ಅದರ ಒಳಗೆ ಮನುಷ್ಯರು ಉಸಿರಾಡುವ ಸಾಮಾನ್ಯ ಗಾಳಿ. ಹೊರಗೆ ಸಮುದ್ರದ ಸಮಸ್ತ ಭಾರ. ಎರಡರ ನಡುವೆ ಇರುವುದು ಒಂದು ಗೋಡೆ ಮಾತ್ರ. ಆ ಗೋಡೆಯನ್ನು ಯಾವ ಆಕಾರದಲ್ಲಿ, ಯಾವ ವಸ್ತುವಿನಿಂದ, ಎಷ್ಟು ದಪ್ಪವಾಗಿ ಕಟ್ಟಬೇಕು? ಯೋಜನೆಯ ಜೀವಾಳವೆಲ್ಲ ಈ ಮೂರು ಪ್ರಶ್ನೆಗಳಲ್ಲಿ ಅಡಗಿತ್ತು.

ಆಕಾರದ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿತ್ತು. ಚಪ್ಪಟೆಯಾದ ಗೋಡೆ ಒತ್ತಡಕ್ಕೆ ಒಳಬಾಗುತ್ತದೆ. ಕೊಳವೆಯ ಆಕಾರ ಅದಕ್ಕಿಂತ ಮೇಲು. ಗೋಳವು ಎಲ್ಲಕ್ಕಿಂತ ಶ್ರೇಷ್ಠ. ಏಕೆಂದರೆ ಅದರ ಮೇಲೆ ಬಿದ್ದ ಭಾರ ಎಲ್ಲ ದಿಕ್ಕುಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಒಂದೇ ಅಗಲ, ಒಂದೇ ದಪ್ಪದ ಕೊಳವೆಗಿಂತ ಗೋಳದ ಗೋಡೆಯಲ್ಲಿ ಉಂಟಾಗುವ ಬಿಗಿತ ಅರ್ಧದಷ್ಟು ಮಾತ್ರ.

ವಸ್ತುವಿನ ಪ್ರಶ್ನೆ ಅಷ್ಟು ಸುಲಭದ್ದಾಗಿರಲಿಲ್ಲ. ಬಲೂನಿಗೆ ಒದಗಿದ ತೆಳು ಅಲ್ಯೂಮಿನಿಯಂ ಇಲ್ಲಿ ಕೆಲಸಕ್ಕೆ ಬಾರದು. ಇಲ್ಲಿ ಬೇಕಾದುದು ಉಕ್ಕು. ಆದರೆ ಉಕ್ಕೆಂದರೆ ಒಂದೇ ಬಗೆಯ ವಸ್ತುವಲ್ಲ. ಹಳ್ಳಿಯ ಕಮ್ಮಾರನೂ ಇದನ್ನು ಬಲ್ಲ. ಕುಡುಗೋಲಿನ ಬಾಯಿಗೆ ಬೇಕಾದ ಉಕ್ಕು ಬೇರೆ. ಗಾಡಿಯ ಚಕ್ರಕ್ಕೆ ಹಾಕುವ ಪಟ್ಟಿಯ ಕಬ್ಬಿಣ ಬೇರೆ. ಇಂಗಾಲದ ಅಂಶ ಹೆಚ್ಚಾದರೆ ಉಕ್ಕು ಗಡಸಾಗುತ್ತದೆ. ಆದರೆ ಅದರೊಂದಿಗೆ ಪೆಡಸೂ ಆಗುತ್ತದೆ. ಪೆಡಸಾದ ಉಕ್ಕು ಮುನ್ಸೂಚನೆಯಿಲ್ಲದೆ ಗಾಜಿನಂತೆ ಸೀಳಿಬಿಡಬಹುದು. ತೀರ ಮೆದುವಾದ ಉಕ್ಕು ಸೀಳುವುದಿಲ್ಲ. ಆದರೆ ಭಾರ ಬಿದ್ದೊಡನೆ ಬಾಗಿ ತನ್ನ ಆಕಾರವನ್ನು ಕಳೆದುಕೊಳ್ಳುತ್ತದೆ. ಆಕಾರ ಕೆಟ್ಟ ಗೋಳ ಗೋಳವಲ್ಲ. ಅದರ ಬಲವೂ ಅಲ್ಲಿಗೆ ಮುಗಿಯಿತು. ಆದುದರಿಂದ ಗಡಸುತನ ಮತ್ತು ಬಾಗಿ ತಾಳುವ ಗುಣ ಎರಡೂ ಹದವಾಗಿ ಬೆರೆತ ಉಕ್ಕನ್ನು ಹುಡುಕಬೇಕು. ನಿಕಲ್, ಕ್ರೋಮಿಯಂ ಮೊದಲಾದ ಲೋಹಗಳನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿ, ತಕ್ಕ ರೀತಿಯಲ್ಲಿ ಕಾಯಿಸಿ ತಣಿಸಿದರೆ ಇಂತಹ ಹದ ದೊರೆಯುತ್ತದೆ.

ಉಕ್ಕನ್ನು ರೂಪಿಸುವ ರೀತಿಯೂ ಮುಖ್ಯವಾದುದು. ದೇವಾಲಯದ ಗಂಟೆಯನ್ನು ಎರಕ ಹೊಯ್ಯುವಂತೆ ಕರಗಿದ ಉಕ್ಕನ್ನು ಅಚ್ಚಿಗೆ ಸುರಿಯುವುದು ಒಂದು ರೀತಿ. ಇದರಲ್ಲಿ ಬೇಕಾದ ಆಕಾರ ಸುಲಭವಾಗಿ ಬರುತ್ತದೆ. ಆದರೆ ಲೋಹ ಆರುವಾಗ ಅದರೊಳಗೆ ಕಣ್ಣಿಗೆ ಕಾಣದ ಗಾಳಿಗುಳ್ಳೆಗಳು ಉಳಿದುಬಿಡಬಹುದು. ಕೆಂಪಗೆ ಕಾದ ಉಕ್ಕಿನ ಗಟ್ಟಿಯನ್ನು ಬಲವಾದ ಯಂತ್ರದಿಂದ ಬಡಿದು, ಒತ್ತಿ ರೂಪಿಸುವುದು ಇನ್ನೊಂದು ರೀತಿ. ಇದರಲ್ಲಿ ಒಳಗಿನ ಗುಳ್ಳೆಗಳು ಮುಚ್ಚಿಹೋಗಿ ಲೋಹದ ಕಣಗಳು ಒತ್ತಾಗಿ ಕೂಡಿಕೊಳ್ಳುತ್ತವೆ. ಬಡಿದ ಉಕ್ಕು ಎರಕದ ಉಕ್ಕಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಆದರೆ ಅಷ್ಟು ದೊಡ್ಡ ಅರ್ಧಗೋಳಗಳನ್ನು ಬಡಿದು ರೂಪಿಸಬಲ್ಲ ಕಾರ್ಖಾನೆಗಳು ವಿರಳ, ವೆಚ್ಚವೂ ಅಧಿಕ.

ಬೆಲ್ಜಿಯಂ ದೇಶದ ವೈಜ್ಞಾನಿಕ ಸಂಶೋಧನ ನಿಧಿಯು ಪಿಕಾರ್ಡರ ಯೋಜನೆಗೆ ಧನಸಹಾಯ ನೀಡಲು ಒಪ್ಪಿತು. 1937ರಲ್ಲಿ ಕಾರ್ಯ ಆರಂಭವಾಯಿತು. ಆದರೆ ಎರಡು ವರ್ಷಗಳಲ್ಲಿಯೇ ಎರಡನೆಯ ಮಹಾಯುದ್ಧ ಹೊತ್ತಿಕೊಂಡಿತು, ಯೋಜನೆ ನಿಂತುಹೋಯಿತು. ಯುದ್ಧ ಮುಗಿಯುವ ವೇಳೆಗೆ ಪಿಕಾರ್ಡರಿಗೆ ಅರವತ್ತು ವರ್ಷ ದಾಟಿತ್ತು. ಅವರು ಹಳೆಯ ನಕ್ಷೆಗಳನ್ನು ಬಿಚ್ಚಿ ಮತ್ತೆ ಕೆಲಸಕ್ಕೆ ತೊಡಗಿದರು.

ಮೊದಲ ಗೋಳವನ್ನು ಬೆಲ್ಜಿಯಂನಲ್ಲಿ ಎರಕದ ಉಕ್ಕಿನಿಂದ ಎರಡು ಅರ್ಧಗಳಾಗಿ ಮಾಡಲಾಯಿತು. ಅದರ ಒಳಗಿನ ಅಗಲ 2 ಮೀಟರ್. ಗೋಡೆಯ ದಪ್ಪ 9 ಸೆಂಟಿಮೀಟರ್. ಕಿಟಕಿಗಳಿಗಾಗಿ ತೂತು ಕೊರೆದ ಕಡೆ ಗೋಡೆ ದುರ್ಬಲವಾಗುವುದರಿಂದ ಅಲ್ಲಿ ದಪ್ಪವನ್ನು 15 ಸೆಂಟಿಮೀಟರಿಗೆ ಹೆಚ್ಚಿಸಲಾಯಿತು. 4,000 ಮೀಟರ್ ಆಳದಲ್ಲಿ ಈ ಗೋಳದ ಮೇಲೆ ಎಲ್ಲ ಕಡೆಯಿಂದ ಬೀಳುವ ಒಟ್ಟು ಭಾರ ಸುಮಾರು 60,000 ಟನ್. ಗೋಳದ ತೂಕವೇ ಸುಮಾರು 10 ಟನ್. ಗೋಡೆಯನ್ನು ಇನ್ನೂ ದಪ್ಪ ಮಾಡಿದರೆ ಭದ್ರತೆ ಹೆಚ್ಚುತ್ತಿತ್ತು. ಆದರೆ ಅದನ್ನು ತೇಲಿಸಲು ಇನ್ನೂ ದೊಡ್ಡ ಪೆಟ್ರೋಲ್ ತೊಟ್ಟಿ ಬೇಕಾಗುತ್ತಿತ್ತು. ಆದುದರಿಂದ ದಪ್ಪವನ್ನು ಊಹೆಯಿಂದ ನಿರ್ಧರಿಸದೆ ಲೆಕ್ಕದಿಂದಲೇ ನಿರ್ಧರಿಸಬೇಕಾಗಿತ್ತು.

ಕಿಟಕಿಗಳ ವಿಷಯದಲ್ಲಿ ಪಿಕಾರ್ಡರ ಜಾಣ್ಮೆ ಎದ್ದು ಕಾಣುತ್ತದೆ. ಮೊದಲು ಗಾಜನ್ನು ಪರೀಕ್ಷಿಸಿದಾಗ ಅದು ಒತ್ತಡಕ್ಕೆ ಬಿರುಕುಬಿಟ್ಟಿತು. ಗಾಜು ಬಹಳ ಗಡಸು. ಎಲ್ಲಿಯಾದರೂ ಒಂದು ಬಿಂದುವಿನಲ್ಲಿ ಭಾರ ಹೆಚ್ಚಾದರೆ ಅಲ್ಲಿಯೇ ಒಡೆಯುತ್ತದೆ. ಆಗ ಅವರು ಪ್ಲೆಕ್ಸಿಗ್ಲಾಸ್ ಎಂಬ ಪಾರದರ್ಶಕ ವಸ್ತುವನ್ನು ಆರಿಸಿಕೊಂಡರು. ಅದು ಸ್ವಲ್ಪ ಮೆದುವಾದುದು. ಭಾರ ಹೆಚ್ಚಾದ ಕಡೆ ತುಸು ಬಾಗಿ ಆ ಭಾರವನ್ನು ನೆರೆಯ ಭಾಗಗಳಿಗೆ ಹಂಚಿಕೊಡುತ್ತದೆ. ಕಿಟಕಿಯನ್ನು ತುದಿ ಕತ್ತರಿಸಿದ ಶಂಕುವಿನ ಆಕಾರದಲ್ಲಿ ಮಾಡಲಾಯಿತು. ಹೊರಗಿನ ಅಗಲ 40 ಸೆಂಟಿಮೀಟರ್, ಒಳಗಿನ ಅಗಲ 10 ಸೆಂಟಿಮೀಟರ್, ದಪ್ಪ 15 ಸೆಂಟಿಮೀಟರ್. ಹೊರಗಿನಿಂದ ನೀರು ಒತ್ತಿದಷ್ಟೂ ಈ ಶಂಕು ತನ್ನ ಗೂಡಿನಲ್ಲಿ ಬಿರಡೆಯಂತೆ ಮತ್ತಷ್ಟು ಬಿಗಿಯಾಗಿ ಕೂರುತ್ತಿತ್ತು. ಶತ್ರುವಾದ ಒತ್ತಡವನ್ನೇ ಅವರು ಕಾವಲುಗಾರನನ್ನಾಗಿ ಮಾಡಿಕೊಂಡರು. ಕಬ್ಬಿಣದ ಗುಂಡುಗಳನ್ನು ಹಿಡಿದಿಡಲು ವಿದ್ಯುತ್ ಅಯಸ್ಕಾಂತಗಳನ್ನು ಬಳಸಿದುದರಲ್ಲಿಯೂ ಇದೇ ವಿವೇಕವಿತ್ತು. ವಿದ್ಯುತ್ತು ಕೆಟ್ಟರೆ ಗುಂಡುಗಳು ತಾವಾಗಿಯೇ ಬಿದ್ದುಹೋಗಿ ನೌಕೆ ಮೇಲಕ್ಕೆ ಬರುತ್ತಿತ್ತು.

1948ರಲ್ಲಿ ನೌಕೆಯನ್ನು ಆಫ್ರಿಕದ ಪಶ್ಚಿಮ ಕರಾವಳಿಯ ಆಚೆಯ ಸಮುದ್ರಕ್ಕೆ ಒಯ್ಯಲಾಯಿತು. ಎರಕದ ಉಕ್ಕಿನಲ್ಲಿ ದೋಷವಿಲ್ಲವೆಂದು ಲೆಕ್ಕ ಹೇಳುತ್ತಿತ್ತು. ಆದರೆ ಲೋಹದ ಒಡಲಿನಲ್ಲಿ ಏನು ಅಡಗಿದೆಯೆಂಬುದನ್ನು ಸಮುದ್ರವೇ ಹೇಳಬೇಕು. ಪಿಕಾರ್ಡರು ಮೊದಲು 25 ಮೀಟರ್ ಆಳದವರೆಗೆ ಮಾತ್ರ ತಾವೇ ಕುಳಿತು ಇಳಿದು ನೋಡಿದರು. ಅನಂತರ ನವೆಂಬರ್ 3ರಂದು ನೌಕೆಯನ್ನು ಮನುಷ್ಯರಿಲ್ಲದೆ ಖಾಲಿಯಾಗಿ ಇಳಿಬಿಟ್ಟರು. ನಿಗದಿಯಾದ ಆಳವನ್ನು ಮುಟ್ಟಿದೊಡನೆ ಗುಂಡುಗಳನ್ನು ಸುರಿದು ತಾನಾಗಿಯೇ ಹಿಂದಿರುಗುವ ಏರ್ಪಾಡನ್ನು ಅದರಲ್ಲಿ ಮಾಡಲಾಗಿತ್ತು. ಹಡಗಿನ ಮೇಲೆ ನಿಂತವರು ನೀರನ್ನೇ ನೋಡುತ್ತ ಕಾದರು. ಕೊನೆಗೆ ನೌಕೆ ಮೇಲಕ್ಕೆ ಬಂತು. ಅದು 1,380 ಮೀಟರ್ ಆಳಕ್ಕೆ ಹೋಗಿ ಬಂದಿತ್ತು. ಉಕ್ಕಿನ ಗೋಳಕ್ಕೆ ಯಾವ ಹಾನಿಯೂ ಆಗಿರಲಿಲ್ಲ. ಆದರೆ ಆಳವನ್ನು ಗೆದ್ದ ನೌಕೆಯನ್ನು ಮೇಲಿನ ಅಲೆಗಳು ಸೋಲಿಸಿದವು. ಅಲೆಗಳ ಹೊಡೆತಕ್ಕೆ ಪೆಟ್ರೋಲ್ ತೊಟ್ಟಿಯ ತೆಳು ತಗಡುಗಳು ನಜ್ಜುಗುಜ್ಜಾದವು. ಯತ್ನವು ವಿಫಲವಾಯಿತೆಂದೇ ಹಲವರು ಬಗೆದರು. ನೌಕೆ ಕೊನೆಗೆ ಫ್ರಾನ್ಸ್ ದೇಶದ ನೌಕಾಪಡೆಯ ಕೈ ಸೇರಿತು. ಅರವತ್ತನಾಲ್ಕು ವರ್ಷದ ಪಿಕಾರ್ಡರ ಬಳಿ ಆಗ ಉಳಿದುದು ಅನುಭವವೊಂದೇ.

ಈ ಸಂದರ್ಭದಲ್ಲಿ ಅವರ ಮಗ ಜಾಕ್ ತಂದೆಗೆ ಊರುಗೋಲಾದನು. ಅರ್ಥಶಾಸ್ತ್ರವನ್ನು ಓದಿದ್ದ ಅವನು ಅಧ್ಯಯನಕ್ಕೆಂದು ಇಟಲಿಯ ಅಂಚಿನ ಟ್ರಿಯೆಸ್ಟೆ ನಗರಕ್ಕೆ ಹೋಗಿದ್ದಾಗ, ಅಲ್ಲಿಯ ಜನ ಹೊಸ ನೌಕೆಯೊಂದನ್ನು ಕಟ್ಟಲು ನೆರವಾಗುವುದಾಗಿ ಮುಂದೆ ಬಂದರು. ಸ್ವಿಟ್ಜರ್ಲೆಂಡ್ ಮತ್ತು ಇಟಲಿಗಳಿಂದ ಹಣ ಕೂಡಿತು. ನೌಕೆಗೆ ಆ ನಗರದ ಹೆಸರನ್ನೇ ಇಡಲಾಯಿತು. ಈ ಬಾರಿ ಪಿಕಾರ್ಡರು ಎರಕದ ಉಕ್ಕನ್ನು ಬಿಟ್ಟು ಬಡಿದ ಉಕ್ಕನ್ನು ಆರಿಸಿಕೊಂಡರು. ಇಟಲಿಯ ಟೆರ್ನಿ ಎಂಬ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಗೋಳದ ಎರಡು ಅರ್ಧಗಳು ಸಿದ್ಧವಾದವು. ಅಲೆಗಳ ಹೊಡೆತವನ್ನು ತಾಳುವಂತೆ ಪೆಟ್ರೋಲ್ ತೊಟ್ಟಿಯನ್ನೂ ಹಿಂದಿಗಿಂತ ಗಟ್ಟಿಯಾಗಿ ಕಟ್ಟಲಾಯಿತು. 1953ರ ಆಗಸ್ಟ್ 1ರಂದು ನೇಪಲ್ಸ್ ಬಳಿ ಟ್ರಿಯೆಸ್ಟೆ ನೌಕೆ ನೀರಿಗೆ ಇಳಿಯಿತು.

1953ರ ಸೆಪ್ಟೆಂಬರ್ 30ರಂದು ತಂದೆ ಮಗ ಇಬ್ಬರೂ ಉಕ್ಕಿನ ಗೋಳವನ್ನು ಹೊಕ್ಕು ಬಾಗಿಲನ್ನು ಮುಚ್ಚಿಕೊಂಡರು. ತಂದೆಗೆ ಅರವತ್ತೊಂಬತ್ತು ವರ್ಷ, ಮಗನಿಗೆ ಮೂವತ್ತೊಂದು. ಪೊಂಜಾ ದ್ವೀಪದ ಬಳಿ ನೌಕೆ ಮೆಲ್ಲಮೆಲ್ಲನೆ ಇಳಿಯತೊಡಗಿತು. ಕಿಟಕಿಯ ನೀಲಿ ಬೆಳಕು ಕಪ್ಪಾಯಿತು. ಉಕ್ಕಿನ ಆಯ್ಕೆಯಲ್ಲಿಯಾಗಲಿ, ಲೆಕ್ಕದಲ್ಲಿಯಾಗಲಿ ಒಂದು ತಪ್ಪು ನುಸುಳಿದ್ದರೂ ಅದರ ದಂಡವನ್ನು ತೆರಬೇಕಾದವರು ಆ ಲೆಕ್ಕವನ್ನು ಮಾಡಿದವರೂ ಅವರ ಮಗನೂ ಆಗಿದ್ದರು. 3,150 ಮೀಟರ್ ಆಳದಲ್ಲಿ ನೌಕೆ ತಳವನ್ನು ಮುಟ್ಟಿತು. ಗೋಳದ ಮೇಲೆ ಆಗ ನಲವತ್ತು ಸಾವಿರ ಟನ್ನುಗಳಿಗೂ ಮಿಕ್ಕಿದ ಭಾರವಿತ್ತು. ಒಳಗೆ ಕುಳಿತವರು ಮನೆಯ ಕೋಣೆಯಲ್ಲಿ ಕುಳಿತಂತೆ ಉಸಿರಾಡುತ್ತಿದ್ದರು. ಗುಂಡುಗಳನ್ನು ಸುರಿದು ಅವರು ಸುರಕ್ಷಿತವಾಗಿ ಮೇಲಕ್ಕೆ ಬಂದರು. ವಿದ್ಯಾರ್ಥಿದೆಸೆಯಲ್ಲಿ ಕಂಡ ಕನಸು ಮುಪ್ಪಿನಲ್ಲಿ ನನಸಾಯಿತು.

ಮರುವರ್ಷ ಫೆಬ್ರವರಿ 15ರಂದು ಪಿಕಾರ್ಡರ ಮೊದಲ ಗೋಳಕ್ಕೂ ನ್ಯಾಯ ದೊರೆಯಿತು. ಫ್ರಾನ್ಸ್ ನೌಕಾಪಡೆಯವರು ಹಳೆಯ ಎರಕದ ಗೋಳವನ್ನೇ ಉಳಿಸಿಕೊಂಡು, ಅದಕ್ಕೆ ಹೊಸ ತೊಟ್ಟಿಯನ್ನು ಕಟ್ಟಿ, ಇಬ್ಬರು ಅಧಿಕಾರಿಗಳನ್ನು ಕೂರಿಸಿ 4,050 ಮೀಟರ್ ಆಳಕ್ಕೆ ಇಳಿಸಿದರು. ವಿಫಲವೆನಿಸಿದ ನೌಕೆಯ ಗೋಳ ಪಿಕಾರ್ಡರ ಲೆಕ್ಕದಂತೆಯೇ ಆ ಭಾರವನ್ನು ಹೊತ್ತಿತು.

ಸಮುದ್ರದ ಅತ್ಯಂತ ಆಳವಾದ ಭಾಗ ಪೆಸಿಫಿಕ್ ಸಾಗರದ ಮರಿಯಾನಾ ಕಂದಕದಲ್ಲಿದೆ. ಅಲ್ಲಿಗೆ ಹೋಗಲು ಟೆರ್ನಿಯ ಗೋಳ ಸಾಲದಾಗಿತ್ತು. 1958ರಲ್ಲಿ ಟ್ರಿಯೆಸ್ಟೆಯನ್ನು ಅಮೆರಿಕದ ನೌಕಾಪಡೆ ಕೊಂಡುಕೊಂಡ ಮೇಲೆ ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಇನ್ನೊಂದು ಗೋಳವನ್ನು ಬಡಿದ ಉಕ್ಕಿನಿಂದ ಮಾಡಿಸಲಾಯಿತು. ಅದರ ಗೋಡೆಯ ದಪ್ಪ 12.7 ಸೆಂಟಿಮೀಟರ್, ತೂಕ ಸುಮಾರು 13 ಟನ್. ಅದನ್ನು ಮೂರು ಭಾಗಗಳಾಗಿ ಮಾಡಿ ಅಂಟಿನಿಂದ ಕೂಡಿಸಲಾಗಿತ್ತು. 1959ರ ನವೆಂಬರ್ ತಿಂಗಳಲ್ಲಿ ಪರೀಕ್ಷಾರ್ಥವಾಗಿ ಇಳಿದು ಬಂದಾಗ ಆ ಅಂಟು ಬಿಟ್ಟುಕೊಂಡಿತ್ತು. ಉಕ್ಕು ಗಟ್ಟಿಯಾಗಿದ್ದರೆ ಸಾಲದು, ಕೂಡಿಕೆಯೂ ಗಟ್ಟಿಯಾಗಿರಬೇಕು. ಭಾಗಗಳನ್ನು ಮತ್ತೆ ಸರಿಯಾಗಿ ಕೂಡಿಸಿ ಬಿಗಿದ ಮೇಲೆಯೇ ಮುಂದಿನ ಯಾತ್ರೆ ನಡೆಯಿತು.

1960ರ ಜನವರಿ 23ರಂದು ಜಾಕ್ ಪಿಕಾರ್ಡ್ ಮತ್ತು ಅಮೆರಿಕದ ನೌಕಾಪಡೆಯ ಅಧಿಕಾರಿ ಡಾನ್ ವಾಲ್ಶ್ ಆ ಗೋಳದಲ್ಲಿ ಕುಳಿತು ಮರಿಯಾನಾ ಕಂದಕಕ್ಕೆ ಇಳಿದರು. ಇಳಿಯಲು ಐದು ಗಂಟೆಗಳಿಗೆ ಸ್ವಲ್ಪ ಕಡಿಮೆ ಕಾಲ ಹಿಡಿಯಿತು. ದಾರಿಯಲ್ಲಿ ಭಾರಿ ಸದ್ದೊಂದು ಗೋಳವನ್ನು ನಡುಗಿಸಿತು. ನೀರು ತುಂಬಿದ್ದ ಪ್ರವೇಶಮಾರ್ಗದ ಕಿಟಕಿಯೊಂದು ಬಿರುಕುಬಿಟ್ಟಿದ್ದಿತು. ಆದರೆ ಅವರು ಕುಳಿತಿದ್ದ ಗೋಳ ಅಚಲವಾಗಿತ್ತು. ಸುಮಾರು 10,900 ಮೀಟರ್ ಆಳದಲ್ಲಿ, ಒಂದೂವರೆ ಲಕ್ಷ ಟನ್ನುಗಳಿಗೂ ಅಧಿಕವಾದ ಭಾರದ ಅಡಿಯಲ್ಲಿ, ಅವರು ಇಪ್ಪತ್ತು ನಿಮಿಷ ಸಾಗರತಳದ ಮೇಲೆ ಇದ್ದು ಹಿಂದಿರುಗಿದರು. ಎವರೆಸ್ಟ್ ಶಿಖರವನ್ನು ಅಲ್ಲಿ ಇಟ್ಟಿದ್ದರೆ ಅದರ ತುದಿಯ ಮೇಲೆ ಇನ್ನೂ ಎರಡು ಸಾವಿರ ಮೀಟರ್ ನೀರು ಇರುತ್ತಿತ್ತು. ಮಗನು ಭೂಮಿಯ ಅತ್ಯಂತ ಆಳವನ್ನು ಮುಟ್ಟಿ ಬಂದುದನ್ನು ಕೇಳುವ ಭಾಗ್ಯ ವೃದ್ಧ ತಂದೆಗೆ ಒದಗಿತು. ಎರಡು ವರ್ಷಗಳ ಅನಂತರ, 1962ರ ಮಾರ್ಚ್ 24ರಂದು, ಆಗಸ್ಟ್ ಪಿಕಾರ್ಡರು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನಿಧನ ಹೊಂದಿದರು. ಅವರ ಮೊಮ್ಮಗ ಬರ್ಟ್ರಂಡ್ 1999ರಲ್ಲಿ ಸಂಗಾತಿಯೊಬ್ಬರೊಡನೆ ಬಲೂನಿನಲ್ಲಿ ಎಲ್ಲಿಯೂ ಇಳಿಯದೆ ಭೂಮಿಯನ್ನು ಸುತ್ತಿಬಂದು ಮನೆತನದ ಪರಂಪರೆಯನ್ನು ಮುಂದುವರಿಸಿದರು.

ಪಿಕಾರ್ಡರ ಕಾಲದ ಅನಂತರ ಆಳದ ನೌಕೆಗಳಿಗೆ ಟೈಟಾನಿಯಂ ಮುಂತಾದ ಹೊಸ ಲೋಹಗಳು ಬಂದಿವೆ. ವಸ್ತು ಬದಲಾದರೂ ನಿಯಮ ಬದಲಾಗಿಲ್ಲ. 2023ರ ಜೂನ್ ತಿಂಗಳಲ್ಲಿ, ಮುಳುಗಿದ ಟೈಟಾನಿಕ್ ಹಡಗನ್ನು ನೋಡಲು ಇಳಿದ ನೌಕೆಯೊಂದು ಅಟ್ಲಾಂಟಿಕ್ ಸಾಗರದ ಆಳದಲ್ಲಿ ಕುಸಿದು ಅದರಲ್ಲಿದ್ದ ಐವರೂ ಸತ್ತರು. ಅದರ ಒಡಲನ್ನು ಇಂಗಾಲದ ನಾರಿನಿಂದ ಕೊಳವೆಯ ಆಕಾರದಲ್ಲಿ ಮಾಡಲಾಗಿತ್ತು. ಅದನ್ನು ಸಾಕಷ್ಟು ಪರೀಕ್ಷೆಗೆ ಒಳಪಡಿಸಿರಲಿಲ್ಲವೆಂದು ವಿಚಾರಣೆಯಿಂದ ತಿಳಿದುಬಂದಿತು. ಇಂತಹ ದುರಂತಗಳ ಹಿನ್ನೆಲೆಯಲ್ಲಿ ಪಿಕಾರ್ಡರ ಹಿರಿಮೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅವರು ಹೊರಬೇಕಾದ ಭಾರವನ್ನು ಮೊದಲು ಲೆಕ್ಕಹಾಕಿದರು. ಆ ಭಾರಕ್ಕೆ ತಕ್ಕ ಆಕಾರವನ್ನೂ ಉಕ್ಕನ್ನೂ ಆರಿಸಿದರು. ಆರಿಸಿದ ಉಕ್ಕನ್ನು ಮನುಷ್ಯರಿಲ್ಲದೆ ಸಮುದ್ರಕ್ಕೆ ಒಪ್ಪಿಸಿ ಪರೀಕ್ಷಿಸಿದರು. ಆಮೇಲೆಯೇ ತಾವು ಆಳಕ್ಕೆ ಇಳಿದರು. ಸಾಹಸವೆಂದರೆ ಅಪಾಯವನ್ನು ಲೆಕ್ಕಿಸದಿರುವುದು ಎಂದು ಕೆಲವರು ತಿಳಿಯುತ್ತಾರೆ. ಪಿಕಾರ್ಡರು ಅಪಾಯವನ್ನು ಕೊನೆಯ ಕಿಲೋಗ್ರಾಮಿನವರೆಗೆ ಲೆಕ್ಕಿಸಿ ಸಾಹಸಕ್ಕೆ ಇಳಿದವರು. ಆದುದರಿಂದಲೇ ಅವರು ಹದಿನಾರು ಸಾವಿರ ಮೀಟರ್ ಎತ್ತರದಿಂದಲೂ ಮೂರು ಸಾವಿರ ಮೀಟರ್ ಆಳದಿಂದಲೂ ಕ್ಷೇಮವಾಗಿ ಮನೆಗೆ ಹಿಂದಿರುಗಿದರು.